ಅರ್ಜಿಯ ಎರಡನೆಯ ಸಾಲು

ಶಾಲೆಯ ಪ್ರವೇಶದ ಅರ್ಜಿ, ಬ್ಯಾಂಕಿನ ಫಾರಂ, ವಿಮೆಯ ಕಾಗದ, ಇಂಥವನ್ನು ಕನ್ನಡಕ್ಕೆ ತರುವುದು ನನ್ನ ಹೊಟ್ಟೆಪಾಡಿನ ಒಂದು ಭಾಗ. ಮೊದಲ ಸಾಲು ಹೆಸರು. ಎರಡನೆಯದು ಹೆಚ್ಚಾಗಿ ‘ತಂದೆಯ ಹೆಸರು’. ಅಲ್ಲಿಯವರೆಗೆ ಕಷ್ಟವಿಲ್ಲ. ಈಚಿನ ಕೆಲವು ಫಾರಂಗಳಲ್ಲಿ ಕೆಳಗೆಲ್ಲೋ ‘ಸಿಂಗಲ್ ಪೇರೆಂಟ್’ ಎಂಬ ಚೌಕ ಇರುತ್ತದೆ. ‘ಏಕಪೋಷಕ’ ಎಂದು ಬರೆದು ಕಳಿಸುತ್ತೇನೆ. ಕಚೇರಿಗೆ ಅದು ಸಾಕು. ಆದರೆ ಯಾರ ಮನೆಯಲ್ಲೂ ಆ ಮಾತನ್ನು ಆಡಿದ್ದು ನಾನು ಕೇಳಿಲ್ಲ. ಮನೆಗಳಲ್ಲಿ ಹೇಳುವುದು, ‘ಪಾಪ, ಅಮ್ಮ ಒಬ್ಬಳೇ ಸಾಕಿದ್ದು’ ಅಂತ. ಆ ‘ಪಾಪ’ ಎಲ್ಲಿಂದ ಬಂತು, ಬೆಳೆಯುವ ಮಕ್ಕಳ ಮನಸ್ಸಿನ ಮೇಲೆ ಅದರ ಭಾರ ಎಷ್ಟು ಎಂದು ಹುಡುಕುತ್ತ ಹೋದರೆ, ಮತ್ತೆ ಮತ್ತೆ ಆ ಎರಡನೆಯ ಸಾಲಿಗೇ ಬಂದು ನಿಲ್ಲುತ್ತೇವೆ.

ಇಂಥ ಮಕ್ಕಳಿಗೆ ಕನ್ನಡದಲ್ಲಿ ಮೊದಲಿನಿಂದ ಇರುವ ಪದಗಳು ಬೇರೆ. ತಬ್ಬಲಿ. ಪರದೇಶಿ. ಅನಾಥ. ಅನಾಥ ಎಂದರೆ ಅಕ್ಷರಾರ್ಥದಲ್ಲಿ ಅಪ್ಪ ಅಮ್ಮ ಇಲ್ಲದವನಲ್ಲ. ನಾಥ ಇಲ್ಲದವನು, ಯಜಮಾನ ಇಲ್ಲದವನು. ಹಾಗಾಗಿ ಅಮ್ಮ ಎದುರಿಗೇ ಗಟ್ಟಿಮುಟ್ಟಾಗಿ ನಿಂತಿದ್ದರೂ ಮಗು ಅನಾಥವಾಗಬಹುದು, ಅಮ್ಮನೂ ಅನಾಥೆಯಾಗಬಹುದು. ಇದು ಬರೀ ನಿಘಂಟಿನ ಮಾತಲ್ಲ. ಧೋಂಡೋ ಕೇಶವ ಕರ್ವೆ 1896ರಲ್ಲಿ ಪುಣೆಯಲ್ಲಿ ವಿಧವೆಯರಿಗಾಗಿ ಶುರುಮಾಡಿದ ಸಂಸ್ಥೆಯ ಹೆಸರು ಅನಾಥ ಬಾಲಿಕಾಶ್ರಮ. ಪುಣೆಯ ಓದುಗರು ಕರ್ವೆನಗರದ ಬಸ್ಸಿನ ಫಲಕ ನೋಡುವಾಗ ಒಮ್ಮೆ ನೆನೆಯಬಹುದು.

ಅದಕ್ಕೂ ನಲವತ್ತು ವರ್ಷ ಹಿಂದೆ, 1856ರಲ್ಲಿ, ಹಿಂದೂ ವಿಧವೆಯರ ಮರುಮದುವೆಯ ಕಾಯ್ದೆ ಬಂದಿತ್ತು. ಶಾಲೆಯ ಪಾಠದಲ್ಲಿ ಅದಕ್ಕೆ ಒಂದು ವಾಕ್ಯ, ಅಲ್ಲಿಗೆ ಮುಗಿಯಿತು. ಅದರ ಎರಡನೆಯ ಕಲಮಿನ ಪ್ರಕಾರ, ಮರುಮದುವೆಯಾದವಳು ಸತ್ತ ಗಂಡನ ಆಸ್ತಿಯಲ್ಲಿ ತನಗೆ ಬಂದ ಹಕ್ಕನ್ನು ಕಳೆದುಕೊಳ್ಳುತ್ತಾಳೆ. ಮೂರನೆಯದು ಇನ್ನೂ ನಾಟುತ್ತದೆ: ಗಂಡ ಉಯಿಲಿನಲ್ಲಿ ಯಾರನ್ನೂ ಗೊತ್ತುಮಾಡಿರದಿದ್ದರೆ, ಅವನ ಕಡೆಯವರು ನ್ಯಾಯಾಲಯಕ್ಕೆ ಹೋಗಿ ಮಕ್ಕಳಿಗೆ ಬೇರೆ ಪಾಲಕರನ್ನು ನೇಮಿಸಿ ಎಂದು ಕೇಳಬಹುದು. ಮದುವೆಯ ಬಾಗಿಲು ತೆರೆದ ಕಾನೂನೇ ಮಗುವನ್ನು ಬೇರೆ ಕೈಗೆ ಒಪ್ಪಿಸುವ ದಾರಿಯನ್ನೂ ಬರೆದಿಟ್ಟಿತು. ವಿಧವೆಯ ಪಾಡಿನ ಬಗ್ಗೆ ನಮ್ಮಲ್ಲಿ ಕಾದಂಬರಿ, ನಾಟಕ, ಭಾಷಣ ಬೇಕಾದಷ್ಟಿವೆ. ಅವಳ ಹತ್ತು ವರ್ಷದ ಮಗ ರಾತ್ರಿ ಏನು ಯೋಚಿಸುತ್ತ ಮಲಗುತ್ತಿದ್ದ ಎಂದು ಕೇಳಿದವರು ಕಡಿಮೆ.

ಅಪವಾದವೆಂದು ನನಗೆ ಮೊದಲು ತೋರುವವರು ಪಂಡಿತಾ ರಮಾಬಾಯಿ. ಹುಟ್ಟಿದ್ದು 1858ರಲ್ಲಿ, ನಮ್ಮ ಘಟ್ಟದ ಗಂಗಾಮೂಲದಲ್ಲಿ. 1882ರಲ್ಲಿ ಕಾಲರಾದಿಂದ ಗಂಡ ತೀರಿಕೊಂಡಾಗ ಮಗಳು ಮನೋರಮಾಗೆ ಇನ್ನೂ ವರ್ಷ ತುಂಬಿರಲಿಲ್ಲ. ಮಗುವನ್ನು ಕಟ್ಟಿಕೊಂಡೇ ಇಂಗ್ಲೆಂಡಿಗೆ ಹೋದರು, 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನ ತೆರೆದರು. ಮುಂದೆ ಮನೋರಮಾ ತಾಯಿಯ ಶಾಲೆಯಲ್ಲೇ ಜೊತೆಗೆ ನಿಂತು ದುಡಿದರು. ತಾಯಿಗಿಂತ ಒಂದು ವರ್ಷ ಮೊದಲು, 1921ರಲ್ಲಿ, ತೀರಿಕೊಂಡರು. ರಮಾಬಾಯಿಯನ್ನು ನಾವು ಪಂಡಿತೆ ಎಂದೋ ಮತಾಂತರಿ ಎಂದೋ ಚರ್ಚಿಸುತ್ತೇವೆ. ಒಬ್ಬಳೇ ಮಗಳನ್ನು ಬೆಳೆಸಿದ ತಾಯಿ ಎಂದು ಯಾರೂ ಪರಿಚಯಿಸುವುದಿಲ್ಲ.

ಸ್ವಾತಂತ್ರ್ಯ ಬಂದ ಮೇಲಾದರೂ ಸಾಲು ಬದಲಾಯಿತೇ? 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕರ ಕಾಯ್ದೆಯ ಆರನೆಯ ಕಲಮು, ಮಗುವಿನ ಸಹಜ ಪಾಲಕ ತಂದೆ, ಅವನ ‘ತರುವಾಯ’ ತಾಯಿ ಎಂದಿತು. ಮದುವೆಯಾಚೆ ಹುಟ್ಟಿದ ಮಗುವಿಗೆ ಮಾತ್ರ ತಾಯಿಯೇ ಮೊದಲು. ಕಾನೂನು ಅಮ್ಮನನ್ನು ಮುಂದಿನ ಸಾಲಿಗೆ ತಂದದ್ದು ಊರು ಮಗುವನ್ನು ಹಿಂದಿನ ಸಾಲಿಗೆ ತಳ್ಳಿದ ಕಡೆಯಲ್ಲೇ!

1984ರ ಡಿಸೆಂಬರಿನಲ್ಲಿ ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಿನಲ್ಲಿ 20,000 ರೂಪಾಯಿಯ ಬಾಂಡ್ ಕೊಳ್ಳಲು ರಿಸರ್ವ್ ಬ್ಯಾಂಕಿಗೆ ಅರ್ಜಿ ಹಾಕಿದರು. ಪಾಲಕಿ ಎಂದು ಸಹಿ ಮಾಡಿದ್ದು ಅವರೇ. ತಂದೆಯ ಸಹಿ ತನ್ನಿ ಎಂದು ಅರ್ಜಿ ಮರಳಿ ಬಂತು. ಗಮನಿಸಿ, ಗಂಡ ಹೆಂಡತಿ ಒಟ್ಟಿಗೇ ಇದ್ದರು, ತಾಯಿಯೇ ಸಹಿ ಮಾಡಲಿ ಎಂದು ಇಬ್ಬರೂ ಕೂಡಿ ತೀರ್ಮಾನಿಸಿದ್ದರು. ಅಂಥವರಿಗೇ ಹೀಗಾದರೆ ಒಂಟಿ ತಾಯಿಯ ಗತಿ ಊಹಿಸಿಕೊಳ್ಳಿ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1999ರ ಫೆಬ್ರುವರಿಯಲ್ಲಿ ತೀರ್ಪು ಬಂತು. ಇಡೀ ತೀರ್ಪು ನಿಂತದ್ದು ‘ಆಫ್ಟರ್’ ಎಂಬ ಒಂದು ಪದದ ಮೇಲೆ. ಅದರ ಅರ್ಥ ‘ತಂದೆ ಸತ್ತ ಮೇಲೆ’ ಎಂದಲ್ಲ, ‘ತಂದೆ ಇಲ್ಲದಿರುವಾಗ’ ಎಂದು ಕೋರ್ಟು ಓದಿತು. ಅವನು ದೂರವಿದ್ದರೆ, ಮಗುವಿನ ಗೊಡವೆಗೇ ಬರದಿದ್ದರೆ, ತಾಯಿ ಸಾಕು. ಅನುವಾದಕರಿಗೆ ಇದು ಹಬ್ಬದಂಥ ತೀರ್ಪು. ಆದರೂ ಕಾಯ್ದೆಯ ಪದವನ್ನು ಕೋರ್ಟು ಅಳಿಸಲಿಲ್ಲ, ಅರ್ಥ ಹಿಗ್ಗಿಸಿತು ಅಷ್ಟೆ.

ಹೊರನಾಡಿನ ನಮಗೆ ಇದರಲ್ಲಿ ಇನ್ನೊಂದು ಎಳೆಯಿದೆ. ಕನ್ನಡದ ಹೆಸರುಗಳಲ್ಲಿ ಅಪ್ಪ ಒಂದು ಇನಿಷಿಯಲ್ ಆಗಿ ಅಡಗಿರುತ್ತಾನೆ, ಊರಿನ ಅಕ್ಷರದ ಪಕ್ಕದಲ್ಲಿ. ಆ ಚುಕ್ಕೆಯ ಹಿಂದೆ ಏನಿದೆ ಎಂದು ದಿನಾ ಯಾರೂ ಕೇಳುವುದಿಲ್ಲ. ಮುಂಬೈ, ಪುಣೆಗೆ ಬಂದ ಕೂಡಲೇ ಆ ಅಕ್ಷರ ಬಿಚ್ಚಿಕೊಂಡು ಪೂರ್ತಿ ಹೆಸರಾಗಿ ನಡುವೆ ಕೂರುತ್ತದೆ, ಹಾಜರಿಯಲ್ಲಿ ದಿನವೂ ಕೂಗಿಸಿಕೊಳ್ಳುತ್ತದೆ. ಅಪ್ಪ ಮನೆ ಬಿಟ್ಟು ಹೋದ ಹದಿಮೂರರ ಹುಡುಗಿಗೆ ಇದು ಸಣ್ಣ ವಿಷಯವಲ್ಲ. ಮಹಾರಾಷ್ಟ್ರ ಸರ್ಕಾರ 2024ರ ಮೇ 1ರಿಂದ ಹುಟ್ಟುವ ಮಕ್ಕಳ ದಾಖಲೆಗಳಲ್ಲಿ ತಂದೆಯ ಹೆಸರಿಗೂ ಮೊದಲು ತಾಯಿಯ ಹೆಸರು ಬರಬೇಕೆಂದಿದೆ. ಈಗ ಹದಿಹರೆಯದಲ್ಲಿರುವವರಿಗೆ ಅದರಿಂದ ಉಪಯೋಗವಿಲ್ಲ.

ಇನ್ನು ಮನಸ್ಸಿನ ವಿಚಾರ. ಅಮೆರಿಕದ ಜುಡಿತ್ ವಾಲರ್‌ಸ್ಟೀನ್ 1971ರಲ್ಲಿ ಕ್ಯಾಲಿಫೋರ್ನಿಯಾದ 60 ವಿಚ್ಛೇದಿತ ಕುಟುಂಬಗಳ 131 ಮಕ್ಕಳ ಅಧ್ಯಯನ ಶುರುಮಾಡಿ, ಗಾಯ ದೊಡ್ಡವರಾದ ಮೇಲೂ ಮಾಯುವುದಿಲ್ಲ ಎಂಬ ಮಂಕು ಚಿತ್ರ ಕೊಟ್ಟರು. ಜೊತೆಗಿಟ್ಟು ನೋಡಲು ವಿಚ್ಛೇದನವಿಲ್ಲದ ಮನೆಗಳ ಮಕ್ಕಳು ಆ ಅಧ್ಯಯನದಲ್ಲಿರಲಿಲ್ಲ. ಮೇವಿಸ್ ಹೆದರಿಂಗ್‌ಟನ್ ಎರಡೂ ಬಗೆಯ ಮನೆಗಳನ್ನು ದಶಕಗಳ ಕಾಲ ಹಿಂಬಾಲಿಸಿ 2002ರಲ್ಲಿ ಪುಸ್ತಕ ತಂದರು. ಗಂಭೀರ ತೊಂದರೆಗೆ ಸಿಲುಕಿದವರು ವಿಚ್ಛೇದಿತರ ಮಕ್ಕಳಲ್ಲಿ ಸುಮಾರು 25 ಶೇಕಡಾ, ಉಳಿದವರಲ್ಲಿ ಸುಮಾರು 10. ಎರಡೂವರೆ ಪಟ್ಟು ಎಂದು ಹೆದರಬಹುದು, ನಾಲ್ವರಲ್ಲಿ ಮೂವರು ಚೆನ್ನಾಗಿಯೇ ಇದ್ದಾರೆ ಎಂದೂ ಓದಬಹುದು. ನಾನು ಎರಡನ್ನೂ ಓದುತ್ತೇನೆ. ಅಲ್ಲಿನ ವಿಚ್ಛೇದನದ ಲೆಕ್ಕವನ್ನು ಇಲ್ಲಿನ ಸಾವು, ಪರಾರಿ, ತವರಿಗೆ ಮರಳಿದ ತಾಯಂದಿರ ಮೇಲೆ ಹಾಗೇ ಹೊರಿಸಲೂ ಆಗದು. ವಿಶ್ವಸಂಸ್ಥೆಯ ಮಹಿಳಾ ವಿಭಾಗದ 2019ರ ವರದಿಯ ಪ್ರಕಾರ ಭಾರತದಲ್ಲಿ ಒಂಟಿ ತಾಯಂದಿರ ಮನೆಗಳೇ ಸುಮಾರು 1.3 ಕೋಟಿ. ಅಣ್ಣನ ಮನೆಯಲ್ಲೋ ಮಾವನ ಮನೆಯಲ್ಲೋ ಮಕ್ಕಳೊಡನೆ ಸೇರಿಕೊಂಡವರು ಅದಕ್ಕಿಂತ ಹೆಚ್ಚು.

ಇಲ್ಲಿಗೆ ಚೆನ್ನಾಗಿ ಹೊಂದುವುದು ಬೇರೊಂದು ಕಲ್ಪನೆ. ಕುಟುಂಬ ಚಿಕಿತ್ಸಕ ಸಾಲ್ವಡೋರ್ ಮಿನುಚಿನ್ ತಮ್ಮ ಸಂಗಡಿಗರೊಡನೆ 1967ರಲ್ಲಿ ಬರೆದ ಪುಸ್ತಕದಲ್ಲಿ, ದೊಡ್ಡವರ ಜವಾಬ್ದಾರಿ ಹೊತ್ತ ‘ಪೋಷಕ ಮಗು’ವಿನ ಮಾತು ಬರುತ್ತದೆ. ನಮ್ಮ ಸಾವಿನ ಮನೆಗಳಲ್ಲಿ ಅದನ್ನು ನೀವು ಕೇಳಿಯೇ ಇರುತ್ತೀರಿ. ಹನ್ನೆರಡರ ಹುಡುಗನ ಬೆನ್ನು ತಟ್ಟಿ ದೊಡ್ಡಪ್ಪನೊಬ್ಬ ಹೇಳುತ್ತಾನೆ, ‘ಇನ್ನು ಮನೆಗೆ ನೀನೇ ಯಜಮಾನ ಕಣೋ, ಅಮ್ಮನ ಮುಂದೆ ಅಳಬಾರದು.’ ಧೈರ್ಯ ಹೇಳಲೆಂದೇ ಆಡಿದ ಮಾತು. ಆದರೆ ಖಾಲಿಯಾದ ನಾಥನ ಜಾಗಕ್ಕೆ ಕೂರಿಸಿದ್ದು ಮಗುವನ್ನು. ಅವನು ಅಳುವುದನ್ನು ಬಿಡುತ್ತಾನೆ, ಎಲ್ಲರೂ ಹುಡುಗ ಗಟ್ಟಿ ಎನ್ನುತ್ತಾರೆ. ದೊಡ್ಡಪ್ಪ ತಿಂಗಳ ಫೀಸಿನ ಬಗ್ಗೆ ವಿಚಾರಿಸಿ, ಅಪ್ಪನ ನೆನಪು ತೆಗೆದಾಗ ಮಾತು ಬದಲಿಸದೆ ಕೂತು ಕೇಳಿದ್ದರೆ ಹೆಚ್ಚು ಉಪಕಾರವಾಗುತ್ತಿತ್ತು. ಮನೆಯವರೊಡನೆ ಆಡಲಾಗದ್ದನ್ನು ಆಡಲು 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಇದೆ, ಸಂಖ್ಯೆ 14416, ಕನ್ನಡದಲ್ಲೂ ಮಾತಾಡಬಹುದು.

ಎರಡನೆಯ ಸಾಲಿಗೆ ಮರಳುತ್ತೇನೆ. ಪಾಸ್‌ಪೋರ್ಟಿಗೆ ತಂದೆ ತಾಯಿಯಲ್ಲಿ ಒಬ್ಬರ ಹೆಸರು ಸಾಕು ಎಂದಾದದ್ದು 2016ರ ಡಿಸೆಂಬರಿನಲ್ಲಿ. ಒಂಟಿ ತಾಯಿಯ ಮಕ್ಕಳು ಪ್ಯಾನ್ ಅರ್ಜಿಯಲ್ಲಿ ತಂದೆಯ ಹೆಸರು ಬಿಡಬಹುದು ಎಂದಾದದ್ದು 2018ರ ಡಿಸೆಂಬರ್ 5ರಿಂದ. ಕರ್ನಾಟಕದಲ್ಲಿ ದೇವದಾಸಿ ಪದ್ಧತಿ ನಿಷೇಧದ ಕಾಯ್ದೆ ಆದದ್ದು 1982ರಲ್ಲಿ. ಆ ತಾಯಂದಿರ ಮಕ್ಕಳು ಅರ್ಜಿಯಲ್ಲಿ ತಂದೆಯ ಹೆಸರು ಬರೆಯಲೇಬೇಕಿಲ್ಲ ಎನ್ನುವ ಮಸೂದೆ ವಿಧಾನಮಂಡಲದಲ್ಲಿ ಪಾಸಾದದ್ದು 2025ರಲ್ಲಿ. ನಡುವಿನ ನಲವತ್ತಮೂರು ವರ್ಷದಲ್ಲಿ ಎಷ್ಟು ಮಕ್ಕಳು ಶಾಲೆಯ ಮೇಜಿನ ಮುಂದೆ ತಲೆ ತಗ್ಗಿಸಿ ನಿಂತರೋ.

ಮಗುವಿನ ಮನಸ್ಸು ನ್ಯಾಯಾಲಯದ ಕಣ್ಣಿಗೆ ಬಿದ್ದದ್ದು 2015ರ ಜುಲೈ 6ರ ತೀರ್ಪಿನಲ್ಲಿ. ತಾಯಿಯ ಹೆಸರು ದಾಖಲೆಯಲ್ಲಿಲ್ಲ, ಬರೀ ‘ಎಬಿಸಿ’. ಅವರು ಅವಿವಾಹಿತೆ, ಮಗ ಹುಟ್ಟಿದ್ದು 2010ರಲ್ಲಿ. ಉಳಿತಾಯ, ವಿಮೆಗಳಿಗೆ ಮಗನನ್ನು ನಾಮಿನಿ ಮಾಡಲು ಹೋದಾಗ ತಂದೆಯ ಹೆಸರು ಹೇಳಿ, ಇಲ್ಲವೇ ಪಾಲಕತ್ವದ ಪತ್ರ ತನ್ನಿ ಎಂದರು. ಪತ್ರ ಕೇಳಿದರೆ, ತಂದೆಗೆ ನೋಟಿಸು ಕೊಡದೆ ಆಗದು ಎಂದು ಕೆಳಗಿನ ಎರಡು ನ್ಯಾಯಾಲಯಗಳು ತಿರಸ್ಕರಿಸಿದವು. ಸುಪ್ರೀಂ ಕೋರ್ಟು ನೋಟಿಸು ಬೇಡ ಎಂದಿತು. ಇಂಥ ಮಗುವನ್ನು ಕಳಂಕದಿಂದ, ಬೇಡದ ವಿವಾದದಿಂದ ಕಾಪಾಡಬೇಕು ಎಂದೂ ಹೇಳಿತು. ಹಾಗೆಂದು ತಂದೆ ತಾಯಿ ಯಾರೆಂದು ತಿಳಿಯುವ ಮಗುವಿನ ಹಕ್ಕನ್ನು ಕೈಬಿಡಲಿಲ್ಲ. ನ್ಯಾಯಾಧೀಶರು ತಾಯಿಯೊಬ್ಬರನ್ನೇ ಕೂರಿಸಿ ಮಾತಾಡಿಸಿದರು. ಅವರು ಹೇಳಿದ ತಂದೆಯ ವಿವರ ಒಂದು ಲಕೋಟೆಗೆ ಹೋಯಿತು, ಲಕೋಟೆಗೆ ಮೊಹರು ಬಿತ್ತು. ಸುಪ್ರೀಂ ಕೋರ್ಟಿನ ಆದೇಶವಿಲ್ಲದೆ ಅದನ್ನು ಯಾರೂ ಓದುವಂತಿಲ್ಲ. ಹುಡುಗನಿಗೆ 2025ರಲ್ಲಿ ಹದಿನೈದು ವರ್ಷ ತುಂಬಿತು.