ಪ್ಲ್ಯಾನರ್ ಹೋದ್ರೂ ತಾರೀಖು ಉಳೀಬೇಕು

ಮನೀ ಕಂಪ್ಯೂಟರಿಗೆ ಯಾವ ಪ್ಲ್ಯಾನರ್ ಛಲೋ ಅಂತ ಹುಡುಕಲಿಕ್ಕೆ ಕೂತ್ರ ತಲಿ ಗಿರ್ರ ಅಂತದ. ಒಂದು ನೋಡ್ಲಿಕ್ಕೆ ಛಂದ, ಒಂದಕ್ಕ ತಿಂಗಳಾ ರೊಕ್ಕ, ಇನ್ನೊಂದು ಪುಕ್ಕಟೆ. ನಾ ಹೇಳೋದು ಇಷ್ಟ: ಛಂದ ನೋಡೋಕಿಂತ ಮೊದಲ ಈ ಸಾಮಾನಿನ ಇತಿಹಾಸ ನೋಡ್ರಿ. ನಲವತ್ತು ವರ್ಷದಾಗ ಎಷ್ಟು ಬಂದು ಎಷ್ಟು ಹೋದುವು, ಹೋಗೋಮುಂದ ಜನಾ ಬರದಿಟ್ಟ ತಾರೀಖಿನ ಗತಿ ಏನಾತು ಅನ್ನೋದು ಗೊತ್ತಾತಂದ್ರ ಆರಿಸೋ ಕೆಲಸ ಹಗುರ ಆಗ್ತದ.

ನಮ್ಮ ಕಡೆ ಮನ್ಯಾಗ ಪ್ಲ್ಯಾನರ್ ಅಂದ್ರ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್. ಹಾಲಿನಾಂವ ಬರದ ದಿನಕ್ಕ ಒಂದು ಗೀಟು, ಸಿಲಿಂಡರ್ ಹಚ್ಚಿದ ತಾರೀಖು, ಎಲ್‌ಐಸಿ ಕಂತು, ಅವ್ವನ ಕಣ್ಣಿನ ಆಪರೇಷನ್, ಕೂಸಿನ ಲಸಿಕೆ, ಎಲ್ಲಾ ಆ ಚೌಕದಾಗ. ವರ್ಷ ಮುಗದ ಮ್ಯಾಲೆ ಅದು ಮನೀ ಇತಿಹಾಸ ಆಗ್ತದ. ಹತ್ತು ವರ್ಷ ಬಿಟ್ಟು ತಗದ್ರೂ ಕಣ್ಣಿದ್ದವ್ರು ಯಾರೂ ಓದಬಹುದು, ಮೊಳಿ ಬಿದ್ರ ಬ್ಯಾರೆ ಮೊಳೀಗೆ ಹಾಕಬಹುದು. ಕಂಪ್ಯೂಟರಿನ ಪ್ಲ್ಯಾನರನ್ನ ಇದೇ ಅಳತ್ಯಾಗ ಅಳೀಬೇಕು ಅಂತ ನನ್ನ ಅಭಿಪ್ರಾಯ.

ಈ ಜಾತೀದಾಗ ಮೊದಲ ದೊಡ್ಡ ಹೆಸರು ಮಾಡಿದ್ದು ಸೈಡ್‌ಕಿಕ್. 1984ರಾಗ ಬೋರ್ಲ್ಯಾಂಡ್ ಕಂಪನಿ ತಂತು. ಆವಾಗಿನ ಡಾಸ್ ಕಂಪ್ಯೂಟರಿನ್ಯಾಗ ಒಂದು ಸಲಕ್ಕ ಒಂದ ಪ್ರೋಗ್ರಾಂ ನಡೀತಿತ್ತು. ಪತ್ರ ಬರಿಯೋಮುಂದ ನಾಳೆ ಏನದ ಅಂತ ನೋಡಬೇಕಂದ್ರ ಪತ್ರ ಮುಚ್ಚಿ, ಇನ್ನೊಂದು ತಗದು, ಮತ್ತ ಬರಬೇಕು. ಸೈಡ್‌ಕಿಕ್ ಮೆಮರಿಯೊಳಗ ಸುಮ್ಮನ ಕೂತಿರ್ತಿತ್ತು. ಎರಡು ಕೀ ಒತ್ತಿದ್ರ ನಡದಿದ್ದ ಕೆಲಸದ ಮ್ಯಾಲೇ ಟಿಪ್ಪಣಿ, ಲೆಕ್ಕದ ಯಂತ್ರ, ಕ್ಯಾಲೆಂಡರ್ ಮೂಡ್ತಿದ್ವು. ಟೇಬಲ್ಲಿನ ಮ್ಯಾಲಿನ ಡೈರಿ ಹೆಂಗ ಕೈಗೆ ಸಿಗ್ತದೋ ಹಂಗ.

1988ರಾಗ ಲೋಟಸ್ ಕಂಪನಿ ಅಜೆಂಡಾ ಅನ್ನೋದು ತಂತು. ಅದರ ಹಿಂದ ಇದ್ದವ್ರು ಲೋಟಸ್ ಕಟ್ಟಿದ ಮಿಚ್ ಕೇಪರ್ ಮತ್ತು ಅವರ ಜೊತಿಯವ್ರು. ಇದು ಅಗದಿ ಶಾಣ್ಯಾ ಪ್ರೋಗ್ರಾಂ. ಬರೋ ಮಂಗಳವಾರ ಇಂಥವ್ರಿಗೆ ಫೋನ್ ಮಾಡ್ಬೇಕು ಅಂತ ಇಂಗ್ಲಿಷಿನ್ಯಾಗ ಟೈಪ್ ಮಾಡಿದ್ರ ತಾರೀಖು ತಾನ ಲೆಕ್ಕಾ ಹಾಕಿ ಜಾಗಾಕ್ಕ ಇಡ್ತಿತ್ತು. ಆದ್ರ ಕಲೀಲಿಕ್ಕೆ ಕಠಿಣ. ವಿಂಡೋಸ್ ಕಾಲ ಬಂದ ಮ್ಯಾಲೆ ಲೋಟಸ್ ಅದನ್ನ ಕೈಬಿಟ್ಟು ಆರ್ಗನೈಜರ್ ಹಿಡೀತು. 1992ರ ಈ ಆರ್ಗನೈಜರ್ ಪರದೆ ಮ್ಯಾಲೆ ಉಂಗುರ ಹಾಕಿದ ಡೈರಿ ಹಂಗ ಕಾಣ್ತಿತ್ತು, ಬದಿಗೆ ಬಣ್ಣದ ಪಟ್ಟಿ, ಹಾಳಿ ಹೊಳ್ಳಿಸಬಹುದು. ಕಾಗದದ ಡೈರಿ ಬಳಸಿದವ್ರಿಗೆ ಕಲಿಸೋದ ಬ್ಯಾಡ. ಶಾಣ್ಯಾತನ ಸೋತು ಪರಿಚಯ ಗೆದ್ದಿತು. ಆದ್ರ ಅದು ತಾರೀಖೆಲ್ಲಾ ಇಡ್ತಿದ್ದದ್ದು ತನ್ನದ ನಮೂನೆಯ ಕಡತದಾಗ. 1995ರಾಗ ಐಬಿಎಂ ಲೋಟಸ್ ಕೊಂಡ್ಕೊಂತು. 2013ರಾಗ ಆರ್ಗನೈಜರ್ ಮಾರಾಟ ನಿಂತು, ಮುಂದಿನ ವರ್ಷ ರಿಪೇರಿ-ಸಹಾಯನೂ ನಿಂತಿತು. ಇಪ್ಪತ್ತು ವರ್ಷ ಅದ್ರಾಗ ಬರದವ್ರು ಹೊಸಾ ಮನೀ ಹುಡುಕೋ ಹಂಗಾತು.

ಈ ನಡುವ ಇನ್ನೊಂದು ಗಂಟು ಬಿತ್ತು. 1996ರಾಗ ಪಾಮ್ ಪೈಲಟ್ ಬಂತು, ಅಂಗೈ ಅಗಲದ್ದು. ತೊಟ್ಟಿಲದಾಗ ಇಟ್ಟು ಗುಂಡಿ ಒತ್ತಿದ್ರ ಮನೀ ಕಂಪ್ಯೂಟರಿನ ತಾರೀಖು ಕಿಸೆದಾಗ. 1997ರಾಗ ಮೈಕ್ರೋಸಾಫ್ಟ್ ಔಟ್‌ಲುಕ್ ಬಂತು, ಟಪಾಲು-ಕ್ಯಾಲೆಂಡರ್ ಒಂದ ಕಡೆ. ಈಗ ಒಂದ ತಾರೀಖು ಎರಡು-ಮೂರು ಕಡೆ ಇರಬೇಕು, ಒಬ್ಬೊಬ್ಬರದು ಒಂದೊಂದು ಭಾಷಾ. ಮಾತಾಡೋದು ಹೆಂಗ?

ಇತಿಹಾಸದಾಗ ನನಗ ಭಾಳ ಸೇರೋದು ಇದರ ಮುಂದಿನ ಸಂಗತಿ. ನವೆಂಬರ್ 1998ರಾಗ ಐಕ್ಯಾಲೆಂಡರ್ ಅನ್ನೋ ಒಪ್ಪಂದದ ನಮೂನೆ ಪ್ರಕಟ ಆತು. ಅದರ ಮ್ಯಾಲೆ ಎರಡು ಹೆಸರು: ಲೋಟಸ್‌ನ ಫ್ರ್ಯಾಂಕ್ ಡಾಸನ್, ಮೈಕ್ರೋಸಾಫ್ಟ್‌ನ ಡೆರಿಕ್ ಸ್ಟೆನರ್ಸನ್. ಪ್ಯಾಟ್ಯಾಗ ಎದುರಾಬದುರಾ ಅಂಗಡಿ ಇಟ್ಟ ಕಂಪನಿಗಳ ಇಬ್ಬರು ಕೂತು ತಾರೀಖು ಹಿಂಗ ಬರೀಬೇಕು ಅಂತ ಬರದಿಟ್ರು. ಐಸಿಎಸ್ ಕಡತ ಅಂತ ಈಗ ನಾವು ನೋಡೋದು ಅದನ್ನ. ಒಳಗ ಇರೋದು ಸಾದಾ ಅಕ್ಷರ: ಯಾವಾಗ ಸುರು, ಯಾವಾಗ ಮುಗೀತದ, ಏನು ಕೆಲಸ, ಎಷ್ಟು ದಿನಕ್ಕೊಮ್ಮೆ ತಿರಗಿ ಬರ್ತದ. ನೋಟ್‌ಪ್ಯಾಡ್‌ನ್ಯಾಗ ತಗದ್ರೂ ಓದಲಿಕ್ಕೆ ಬರ್ತದ. ಗ್ವಾಡಿ ಕ್ಯಾಲೆಂಡರಿನ ಗುಣ ಕಂಪ್ಯೂಟರಿಗೆ ಬಂದದ್ದು ಅವತ್ತು. 2009ರಾಗ ಅದನ್ನ ತಿದ್ದಿ ಹೊಸದು ಮಾಡಿದ್ರು, ಇವತ್ತಿಗೂ ನಡದದ.

ಇದರಿಂದ ಏನು ಫರಕ್ ಆತು ಅಂತ ಎರಡು ಸಾವು ನೋಡಿದ್ರ ತಿಳೀತದ. ಮೊಜಿಲ್ಲಾದವರ ಸನ್‌ಬರ್ಡ್ ಅನ್ನೋ ಪುಕ್ಕಟೆ ಕ್ಯಾಲೆಂಡರ್ 2010ರಾಗ ನಿಂತಿತು. ಅದರ ಜನಾ ಐಸಿಎಸ್ ಕಡತ ಕಟ್ಕೊಂಡು ಬ್ಯಾರೆ ಪ್ರೋಗ್ರಾಮಿಗೆ ಹೋಗಬಹುದಿತ್ತು. ಅದರ ಅಕ್ಕ-ತಂಗಿ ಲೈಟ್ನಿಂಗ್ 2015ರಾಗ ಥಂಡರ್‌ಬರ್ಡ್ ಜೊತೀಗೇ ಬರಲಿಕ್ಕೆ ಹತ್ತಿತು. ಇನ್ನೊಂದು ಬರ್ಲಿನ್ನಿನ ವಂಡರ್‌ಲಿಸ್ಟ್, ಕೆಲಸದ ಪಟ್ಟಿ ಬರಿಯೋದು. 2015ರಾಗ ಮೈಕ್ರೋಸಾಫ್ಟ್ ಕೊಂಡ್ಕೊಂತು. 2019ರಾಗ ಕಟ್ಟಿದಾತ ಕ್ರಿಶ್ಚಿಯನ್ ರೇಬರ್ ತಿರಗಿ ಕೊಡ್ರಿ, ನಾ ಕೊಂಡ್ಕೋತೀನಿ ಅಂತ ಎಲ್ಲಾರ ಮುಂದ ಕೇಳಿದ. ಆಗ್ಲಿಲ್ಲ, 6 ಮೇ 2020ಕ್ಕ ಬಾಗಲಾ ಹಾಕಿದ್ರು. ಮೈಕ್ರೋಸಾಫ್ಟ್ ತನ್ನ ಟು ಡೂಗೆ ಪಟ್ಟಿ ಸಾಗಿಸೋ ದಾರಿ ಇಟ್ಟಿತ್ತು, ಖರೆ. ಆದ್ರ ಮಾಲಕರು ಹೇಳಿದ ದಾರಿ ಹಿಡಿಯೋದು ಬ್ಯಾರೆ, ನಮ್ಮ ಗಂಟು ನಮ್ಮ ಕೈಯಾಗ ಇರೋದು ಬ್ಯಾರೆ. ಕಟ್ಟಿದಾತನ ಮಾತ ನಡೀಲಿಲ್ಲಂದ್ರ ಬಳಸೋವ್ರ ಮಾತು ಎಲ್ಲಿ ನಡೀತದ?

ಅದಕ್ಕ ಆರಿಸೋಮುಂದ ಮೂರು ಮಾತು ನೋಡ್ರಿ. ಒಂದು, ಐಸಿಎಸ್ ಕಡತ ಹೊರಗ ಕೊಡ್ತದೋ ಇಲ್ಲೋ. ಬರೇ ಒಳಗ ತೊಗೊಂಡ್ರ ಸಾಲದು. ಎರಡು, ಇಂಟರ್ನೆಟ್ ಹೋದ ದಿನ ನಾಳಿನ ಔಷಧ, ಡಾಕ್ಟರ ಭೇಟಿ ಕಾಣಸ್ತದೋ ಇಲ್ಲೋ. ಮೂರು, ಮನ್ಯಾಗಿನ ಇನ್ನೊಬ್ಬರಿಗೆ ಹೇಳಿಕೊಡದ ಓದಲಿಕ್ಕೆ ಬರ್ತದೋ ಇಲ್ಲೋ. ಅಜೆಂಡಾ ಬಿದ್ದದ್ದು ಈ ಮೂರನೇದ್ರಾಗ ಅನ್ನೋದು ನೆನಪಿರ್ಲಿ. ಈ ಮೂರಕ್ಕೂ ಹೌದು ಅಂದ್ರ ಆಮ್ಯಾಲೆ ಬಣ್ಣಾ ನೋಡ್ರಿ. ಥಂಡರ್‌ಬರ್ಡ್ ಈ ಪರೀಕ್ಷಾದಾಗ ಪಾಸು. ಔಟ್‌ಲುಕ್ ಇದ್ದವ್ರು ಅದನ್ನ ಇಟ್ಕೊಂಡ್ರೂ ನಡೀತದ, ಕಡತ ಹೊರಗ ತಗಿಯೋದು ಕಲೀಬೇಕು ಅಷ್ಟ.

ಒಂದು ಕೊರತಿ ಅದ. ವರ್ಷಾ ವರ್ಷಾ ತಿರಗಿ ಬಾ ಅಂತ ಪ್ಲ್ಯಾನರಿಗೆ ಹೇಳಿದ್ರ ಅದು ಇಂಗ್ಲಿಷ್ ತಾರೀಖು ಹಿಡೀತದ. ಅಪ್ಪನ ತಿಥಿ, ಮನೀ ದೇವರ ಹಬ್ಬ ಹಂಗ ಬರೂದಿಲ್ಲ, ಅಧಿಕ ಮಾಸ ಬಂದ ವರ್ಷ ಅಂತೂ ತಿಂಗಳಾನ ಸರೀತಾವ. ಹಿಂಗಾಗಿ ಯುಗಾದಿಗೆ ಹೊಸಾ ಪಂಚಾಂಗ ತಂದಾಗ ತಿಥಿಗೋಳನ್ನ ಕೈಲೇ ಕೂಡಿಸಬೇಕು. ಅವತ್ತ ಹಿಂದಿನ ವರ್ಷದ ಐಸಿಎಸ್ ಕಡತಾನೂ ತಗದು ಪೆನ್‌ಡ್ರೈವಿಗೆ ಹಾಕಿ, ಮ್ಯಾಲೆ ವರ್ಷ ಬರದು, ಮನೀ ಕಾಗದ-ಪತ್ರದ ಜೊತಿ ಕಪಾಟಿನ್ಯಾಗ ಇಟ್ಟಬಿಡ್ರಿ.