ಚರ್ಚಿನ ಆಸನಗಳಲ್ಲಿ ಊರಿನ ಚರಿತ್ರೆ

ಒಂದು ಹಳ್ಳಿಯ ಚರಿತ್ರೆಯನ್ನು ಎಲ್ಲಿಂದ ಆರಂಭಿಸಬೇಕು? ಇಂಗ್ಲೆಂಡಿನ ಶ್ರಾಪ್‌ಷೈರ್ ಪ್ರಾಂತದ ಮಿಡ್ಲ್ ಎಂಬಲ್ಲಿ ಬಾಳಿದ ರಿಚರ್ಡ್ ಗಾಫ್ (1635–1723) ಚರ್ಚಿನ ಆಸನಗಳಿಂದಲೇ ಆರಂಭಿಸಿದನು. ಅಲ್ಲಿ ಪ್ರತಿಯೊಂದು ಹಿಡುವಳಿಗೂ ಗೊತ್ತಾದ ಆಸನವಿತ್ತು. 1701ರ ಸುಮಾರಿಗೆ ಗಾಫ್ ಆ ಆಸನಗಳ ಕ್ರಮದಲ್ಲಿಯೇ ಕುಟುಂಬಗಳ ಆಸ್ತಿ, ಮದುವೆ, ವ್ಯಾಜ್ಯ, ಕುಡಿತಗಳನ್ನೆಲ್ಲ ಬರೆದಿಟ್ಟನು.

ನೆನಪಿನಿಂದ ಬರೆದುದನ್ನು ನಂಬುವುದು ಹೇಗೆ? ಪ್ರತಿ ಚರ್ಚಿನಲ್ಲಿಯೂ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಹೊರಡಿಸಿದ್ದನು. ಅಂಥ ಪುಸ್ತಕಗಳನ್ನೂ ಉಯಿಲುಗಳನ್ನೂ ಆಧರಿಸಿ ಇತಿಹಾಸಕಾರ ಡೇವಿಡ್ ಹೇ 1974ರಲ್ಲಿ ಮಿಡ್ಲ್ ಕುರಿತು ಗ್ರಂಥ ಪ್ರಕಟಿಸಿದರು.

ಆದರೆ ದಾಖಲೆಗೂ ಮಿತಿಯುಂಟು. 1642ರಲ್ಲಿ ಆರಂಭವಾದ ಅಂತರ್ಯುದ್ಧಕ್ಕೆ ಮಿಡ್ಲ್ ಹಾಗೂ ನೆರೆಯ ಎರಡು ಊರುಗಳಿಂದ 20 ಮಂದಿ ರಾಜನ ಪರವಾಗಿ ಹೋದರೆಂದೂ ಅವರಲ್ಲಿ 13 ಮಂದಿ ಹತರಾದರೆಂದೂ ಗಾಫ್ ಲೆಕ್ಕ ಕೊಡುತ್ತಾನೆ. ಪರಸ್ಥಳದಲ್ಲಿ ಮಣ್ಣಾದವನ ಹೆಸರು ಸ್ವಂತ ಊರಿನ ಶವಸಂಸ್ಕಾರದ ಪುಸ್ತಕಕ್ಕೆ ಏರುವುದಿಲ್ಲ. ಅಂಥವರನ್ನು ಉಳಿಸಿದ್ದು ಊರವನೊಬ್ಬನ ನೆನಪು. ಆದುದರಿಂದ ಚರಿತ್ರೆಯ ವಿದ್ಯಾರ್ಥಿಯು ದಾಖಲೆಯನ್ನೂ ಹಿರಿಯರ ಮಾತನ್ನೂ ಅಕ್ಕಪಕ್ಕದಲ್ಲಿಟ್ಟು ಓದಬೇಕು. ಎರಡೂ ಹೊಂದದಿದ್ದಾಗ ಕಾರಣವನ್ನು ಹುಡುಕಬೇಕು.