ಬೀಗದ ಕಾರ್ಖಾನೆಯಿಂದ ಬಂದ ಕವಾಟ

ಮಗುವಿಗೆ ಬಾಟಲಿಯಲ್ಲಿ ಹಾಲು ಕುಡಿಸುವ ರಬ್ಬರ್ ನಿಪ್ಪಲನ್ನು ನೀವು ಗಮನಿಸಿರಬಹುದು. ಕೆಲವು ನಿಪ್ಪಲುಗಳ ತುದಿಯಲ್ಲಿ ರಂಧ್ರದ ಬದಲು ಸಣ್ಣ ಸೀಳು ಇರುತ್ತದೆ. ಮಗು ಚೀಪಿದಾಗ ಸೀಳು ತೆರೆದು ಹಾಲು ಬರುತ್ತದೆ. ಚೀಪುವುದನ್ನು ನಿಲ್ಲಿಸಿದೊಡನೆ ಸ್ಥಿತಿಸ್ಥಾಪಕ ಗುಣದಿಂದಾಗಿ ಸೀಳು ಮುಚ್ಚಿಕೊಳ್ಳುತ್ತದೆ. ಇಷ್ಟು ಸರಳವಾದ ತತ್ತ್ವವೇ 1956ರಲ್ಲಿ ಮಕ್ಕಳ ಮಿದುಳಿನ ಒಂದು ಕಾಯಿಲೆಯ ಚಿಕಿತ್ಸೆಯನ್ನು ಬದಲಿಸಿತು. ಅದನ್ನು ಬಳಕೆಗೆ ತಂದವರು ಬೀಗದ ಕಾರ್ಖಾನೆಯೊಂದರ ತಂತ್ರಜ್ಞ, ಅಮೆರಿಕದ ಜಾನ್ ಹೋಲ್ಟರ್.

ಹರಿಯಬೇಕಾದ ದ್ರವ ನಿಂತಾಗ

ನಮ್ಮ ಮಿದುಳಿನೊಳಗೆ ಕುಹರಗಳೆಂಬ ನಾಲ್ಕು ಟೊಳ್ಳು ಭಾಗಗಳಿವೆ. ಅಲ್ಲಿನ ಸೂಕ್ಷ್ಮ ರಕ್ತನಾಳಗಳ ಗೊಂಚಲುಗಳು ತಿಳಿನೀರಿನಂತಹ ದ್ರವವನ್ನು ಸ್ರವಿಸುತ್ತವೆ. ಈ ದ್ರವ ಕುಹರದಿಂದ ಕುಹರಕ್ಕೆ ಹರಿದು, ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದು, ಕೊನೆಗೆ ರಕ್ತವನ್ನು ಸೇರುತ್ತದೆ. ವಯಸ್ಕರಲ್ಲಿ ಒಮ್ಮೆಗೆ ಇರುವ ದ್ರವ ಸುಮಾರು 150 ಮಿಲಿಲೀಟರ್. ಆದರೆ ದಿನಕ್ಕೆ ಉತ್ಪತ್ತಿಯಾಗುವುದು ಸುಮಾರು 500 ಮಿಲಿಲೀಟರ್! ಅಂದರೆ ದ್ರವ ದಿನಕ್ಕೆ ಮೂರು ಬಾರಿಗೂ ಹೆಚ್ಚು ಹೊಸದಾಗುತ್ತದೆ.

ಹರಿವಿಗೆ ತಡೆಯುಂಟಾದರೂ ಸ್ರವಿಕೆ ನಿಲ್ಲುವುದಿಲ್ಲ. ಕುಹರಗಳು ಹಿಗ್ಗಿ ಮಿದುಳನ್ನು ಒತ್ತುತ್ತವೆ. ಎಳೆಯ ಮಗುವಿನ ತಲೆಬುರುಡೆಯ ಮೂಳೆಗಳು ಇನ್ನೂ ಬೆಸೆದಿರುವುದಿಲ್ಲ. ಹಾಗಾಗಿ ತಲೆಯೇ ದೊಡ್ಡದಾಗುತ್ತದೆ. ಇದೇ ಹೈಡ್ರೊಕೆಫಾಲಸ್.

ದ್ರವವನ್ನು ಬೇರೆಡೆಗೆ ಹರಿಸಲು ವೈದ್ಯರು ಏನೆಲ್ಲ ಮಾಡಿದರು! ಜರ್ಮನಿಯ ಕೌಶ್ 1905ರಲ್ಲಿ ರಬ್ಬರ್ ಕೊಳವೆಯಿಂದ ಅದನ್ನು ಉದರಕ್ಕೆ ಹರಿಸಿದರು, ರೋಗಿ ಬದುಕಲಿಲ್ಲ. ಅಮೆರಿಕದ ಮ್ಯಾಟ್ಸನ್ 1949ರಲ್ಲಿ ದ್ರವವನ್ನು ಮೂತ್ರನಾಳಕ್ಕೆ ಜೋಡಿಸಿದರು. ಇದಕ್ಕಾಗಿ ಮಗುವಿನ ಆರೋಗ್ಯಕರ ಮೂತ್ರಪಿಂಡವೊಂದನ್ನು ತೆಗೆಯಬೇಕಿತ್ತು. ದ್ರವದ ಜೊತೆ ದೇಹದ ಲವಣವೂ ನಷ್ಟವಾಗುತ್ತಿತ್ತು. ದ್ರವವನ್ನು ಮತ್ತೆ ರಕ್ತಕ್ಕೇ ಸೇರಿಸುವುದು ಸಹಜ ಮಾರ್ಗ. ಆದರೆ ಮಗು ಅತ್ತಾಗ, ಕೆಮ್ಮಿದಾಗ ಅಭಿಧಮನಿಯ ಒತ್ತಡ ಹೆಚ್ಚಿ ರಕ್ತ ಕೊಳವೆಯೊಳಗೆ ಹಿಮ್ಮುಖವಾಗಿ ನುಗ್ಗಿ ಹೆಪ್ಪುಗಟ್ಟುತ್ತದೆ. ಬೇಕಾಗಿದ್ದುದು ಒಂದೇ ದಿಕ್ಕಿಗೆ ತೆರೆಯುವ ಕವಾಟ. ನಲ್ಸನ್ ಮತ್ತು ಸ್ಪಿಟ್ಜ್ ಎಂಬ ಶಸ್ತ್ರವೈದ್ಯರು 1949ರಲ್ಲಿ ಪುಟ್ಟ ಗುಂಡು ಮತ್ತು ಸ್ಪ್ರಿಂಗ್ ಇರುವ ಕವಾಟವನ್ನು ಅಳವಡಿಸಿ ನೋಡಿದ್ದರು. ನಂಬಿಕೆಗೆ ಅರ್ಹವಾದ ಕವಾಟ ಇನ್ನೂ ಸಿಕ್ಕಿರಲಿಲ್ಲ.

ತಂದೆಯ ಪ್ರಯೋಗ

1955ರ ನವೆಂಬರ್‌ನಲ್ಲಿ ಹೋಲ್ಟರ್ ದಂಪತಿಗಳಿಗೆ ಬೆನ್ನುಹುರಿಯ ದೋಷದೊಂದಿಗೆ ಮಗ ಕೇಸಿ ಹುಟ್ಟಿದ. ಅವನಿಗೆ ಹೈಡ್ರೊಕೆಫಾಲಸ್ ಕೂಡ ಇತ್ತು. ನೆತ್ತಿಯ ಮೆತ್ತನೆಯ ಭಾಗದಲ್ಲಿ ಸೂಜಿ ಚುಚ್ಚಿ ಪದೇ ಪದೇ ದ್ರವವನ್ನು ತೆಗೆಯಬೇಕಾಗುತ್ತಿತ್ತು. ಫಿಲಡೆಲ್ಫಿಯಾದಲ್ಲಿ ಚಿಕಿತ್ಸೆ ನೀಡುತ್ತಿದ್ದ ಸ್ಪಿಟ್ಜ್, ಕವಾಟದ ಸಮಸ್ಯೆಯನ್ನು ತಂದೆಗೆ ವಿವರಿಸಿದರು. ರಬ್ಬರ್ ಕೊಳವೆಗೆ ನರ್ಸ್ ಚುಚ್ಚಿದ ಸೂಜಿಯನ್ನು ಹೊರತೆಗೆದಾಗ ಒಂದು ಹನಿಯೂ ಸೋರದಿದ್ದುದು ಹೋಲ್ಟರರ ಗಮನ ಸೆಳೆಯಿತು. ಮನೆಯಲ್ಲೇ ಪ್ರಯೋಗಕ್ಕೆ ತೊಡಗಿದ ಅವರು ಕೆಲವೇ ತಿಂಗಳಲ್ಲಿ ಸೀಳುಕವಾಟವನ್ನು ಸಿದ್ಧಪಡಿಸಿದರು. ದೇಹ ರಬ್ಬರನ್ನು ಸಹಿಸದು; ಆದ್ದರಿಂದ ಆಗ ಹೊಸದಾಗಿದ್ದ ಸಿಲಿಕೋನ್ ಬಳಸಿದರು. ಕುಹರದ ಒತ್ತಡ ಗೊತ್ತಾದ ಮಿತಿ ದಾಟಿದರೆ ಸೀಳು ತೆರೆಯುತ್ತದೆ, ಇಳಿದರೆ ಮುಚ್ಚುತ್ತದೆ.

1956ರಲ್ಲಿ ಕವಾಟ ಮೊದಲು ಬೇರೊಂದು ಮಗುವಿಗೆ ನೆರವಾಯಿತು. ಅನಂತರ ಕೇಸಿಗೂ ಅಳವಡಿಸಲಾಯಿತು. ಆದರೂ 1961ರಲ್ಲಿ, ಐದರ ವಯಸ್ಸಿನಲ್ಲಿ, ಅವನು ತೀರಿಕೊಂಡ. ಹೋಲ್ಟರ್ ಕವಾಟ ತಯಾರಿಕೆಯನ್ನೇ ವೃತ್ತಿಯಾಗಿಸಿಕೊಂಡರು.

ಇನ್ನೊಬ್ಬ ತಂದೆಯ ಕಥೆಯೂ ಇದೆ. 1960ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಲೇಖಕ ರೋಲ್ಡ್ ಡಾಲ್‌ರ ನಾಲ್ಕು ತಿಂಗಳ ಮಗನಿದ್ದ ತಳ್ಳುಗಾಡಿಗೆ ಟ್ಯಾಕ್ಸಿ ಬಡಿಯಿತು. ಮಗುವಿಗೆ ಅಳವಡಿಸಿದ ಕವಾಟ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿತ್ತು. ಮಾದರಿ ವಿಮಾನಗಳ ಎಂಜಿನ್ ತಯಾರಿಸುತ್ತಿದ್ದ ಸ್ಟ್ಯಾನ್ಲಿ ವೇಡ್ ಹಾಗೂ ಲಂಡನ್ನಿನ ಶಸ್ತ್ರವೈದ್ಯ ಕೆನೆತ್ ಟಿಲ್ ಅವರೊಡನೆ ಸೇರಿ ಡಾಲ್ 1962ರಲ್ಲಿ ಹೊಸ ಕವಾಟವನ್ನು ರೂಪಿಸಿದರು. ಅಷ್ಟರಲ್ಲಿ ಅವರ ಮಗ ಚೇತರಿಸಿಕೊಂಡಿದ್ದ. ಕವಾಟ ಸಾವಿರಾರು ಇತರ ಮಕ್ಕಳಿಗೆ ಉಪಯೋಗವಾಯಿತು. ಮೂವರೂ ಲಾಭ ಪಡೆಯಲಿಲ್ಲ.

ಪರಿಹಾರದ ಜೊತೆಗೇ ಬಂದ ತೊಡಕು

ಕವಾಟ ಸಿಕ್ಕಿತು, ಸಮಸ್ಯೆ ಮುಗಿಯಿತು ಎಂದುಕೊಂಡಿರಾ? ಹೃದಯದವರೆಗೆ ಹೋಗುತ್ತಿದ್ದ ಕೊಳವೆಗೆ ಸೋಂಕು ತಗುಲಿದರೆ ರೋಗಾಣುಗಳು ರಕ್ತಕ್ಕೆ ಸೇರುತ್ತಿದ್ದವು. ಕೆಲವರ ಮೂತ್ರಪಿಂಡಗಳೂ ಹಾಳಾದವು. ಮಗು ಬೆಳೆದಂತೆ ಕೊಳವೆ ಗಿಡ್ಡವಾಗುತ್ತಿತ್ತು. ಹೀಗಾಗಿ ಕೊಳವೆಯ ತುದಿಯನ್ನು ಉದರಕ್ಕೆ ಇಳಿಸುವ ವಿಧಾನ ಕ್ರಮೇಣ ರೂಢಿಯಾಯಿತು. ಅಲ್ಲಿ ಉದ್ದನೆಯ ಕೊಳವೆಯನ್ನು ಸುರುಳಿಯಾಗಿ ಬಿಡಬಹುದು.

ಆಗ ಭೌತಶಾಸ್ತ್ರ ಎದುರಾಯಿತು. ಮಲಗಿದ್ದವರ ತಲೆಯೊಳಗಿನ ಒತ್ತಡ ಸಾಮಾನ್ಯವಾಗಿ ಸುಮಾರು 10ರಿಂದ 15 ಸೆಂಟಿಮೀಟರ್ ನೀರಿನ ಕಂಬಕ್ಕೆ ಸಮ. ಎದ್ದು ನಿಂತಾಗ ತಲೆಯಿಂದ ಉದರದವರೆಗೆ ಕೊಳವೆಯಲ್ಲಿ 40 ಸೆಂಟಿಮೀಟರ್ ದ್ರವದ ಕಂಬವಿದೆ ಎನ್ನೋಣ. ಅದರ ಸೆಳೆತಕ್ಕೆ 10 ಸೆಂಟಿಮೀಟರಿಗೆ ತೆರೆಯುವ ಕವಾಟ ತೆರೆದೇ ಇರುತ್ತದೆ. ಇದು ನೀವು ಬಲ್ಲ ಸೈಫನ್! ದ್ರವ ಅತಿಯಾಗಿ ಬಸಿದು ಕುಹರಗಳು ಕುಗ್ಗುತ್ತವೆ, ಮಿದುಳಿನ ಹೊರಗೆ ರಕ್ತಸ್ರಾವವೂ ಆಗಬಹುದು. ಇದನ್ನು ತಡೆಯಲು ಸೈಫನ್ ನಿರೋಧಕ ಸಾಧನಗಳು, ಚರ್ಮದ ಹೊರಗಿನಿಂದಲೇ ಅಯಸ್ಕಾಂತದ ಮೂಲಕ ಹೊಂದಿಸಬಲ್ಲ ಕವಾಟಗಳು ಬಂದವು.

ಹೊಸದೆಲ್ಲ ಉತ್ತಮವೇ? 1998ರಲ್ಲಿ ಪ್ರಕಟವಾದ ಅಧ್ಯಯನವೊಂದು 344 ಮಕ್ಕಳಲ್ಲಿ ಮೂರು ಬಗೆಯ ಕವಾಟಗಳನ್ನು ಹೋಲಿಸಿತು. ಮೂರರಲ್ಲೂ ಫಲಿತಾಂಶ ಹೆಚ್ಚುಕಡಿಮೆ ಒಂದೇ: ಮೊದಲ ವರ್ಷದಲ್ಲೇ ಸುಮಾರು 40 ಶೇಕಡಾ ವಿಫಲ. 2005ರಲ್ಲಿ ಉಗಾಂಡದಿಂದ ಇನ್ನೊಂದು ಹೋಲಿಕೆ ಬಂತು. ಭಾರತದಲ್ಲಿ ತಯಾರಾದ 35 ಡಾಲರಿನ ಛಾಬ್ರಾ ಷಂಟ್ ಹಾಗೂ 650 ಡಾಲರಿನ ಪಾಶ್ಚಾತ್ಯ ಷಂಟ್ ನಡುವೆ ಒಂದು ವರ್ಷದ ಫಲಿತಾಂಶದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬಡ ದೇಶಗಳ ತಂದೆತಾಯಿಗಳಿಗೆ ಇದು ಸಣ್ಣ ಸುದ್ದಿಯಲ್ಲ. ಪ್ರತಿಜೈವಿಕ ಸೇರಿಸಿದ ಕೊಳವೆಗಳಿಂದ ಸೋಂಕು 6 ಶೇಕಡಾದಿಂದ 2 ಶೇಕಡಾಕ್ಕೆ ಇಳಿಯುತ್ತದೆ ಎಂದು 2019ರಲ್ಲಿ ಬ್ರಿಟನ್ನಿನ ಅಧ್ಯಯನ ತೋರಿಸಿತು.

ಷಂಟ್ ರೋಗವನ್ನು ಗುಣಪಡಿಸುವುದಿಲ್ಲ, ದ್ರವಕ್ಕೆ ಬದಲಿ ದಾರಿಯನ್ನಷ್ಟೇ ತೋರಿಸುತ್ತದೆ. ಆ ದಾರಿ ಯಾವಾಗ ಬೇಕಾದರೂ ಮುಚ್ಚಬಹುದು. ಇಂದು ಷಂಟ್ ಇರುವ ಎಷ್ಟೋ ಮಕ್ಕಳು ಶಾಲೆಗೆ ಬರುತ್ತಾರೆ, ಆಡುತ್ತಾರೆ, ಓದುತ್ತಾರೆ. ಅಂಥ ಮಗು ನಿಮ್ಮ ತರಗತಿಯಲ್ಲಿದ್ದು, ತಲೆನೋವು, ವಾಂತಿ, ಅತಿಯಾದ ತೂಕಡಿಕೆ ಕಂಡುಬಂದರೆ ಅಜೀರ್ಣವೆಂದೋ ಸೋಮಾರಿತನವೆಂದೋ ತಳ್ಳಿಹಾಕಬೇಡಿ. ಮನೆಯವರಿಗೆ ತಿಳಿಸಿ, ತಡಮಾಡದೆ ಆಸ್ಪತ್ರೆಗೆ ಕಳಿಸಿ. ಕವಾಟ ಕಟ್ಟಿಕೊಂಡಾಗ ಮಗುವನ್ನು ಉಳಿಸುವುದು, ಅದನ್ನು ಮೊದಲು ಗಮನಿಸಿದವರ ಎಚ್ಚರ.